ನೀಲಿ ತೋಳಿನ ಕರಿ ಕೋಟು

ನನ್ನ ಪ್ರೀತಿಯ ದೊಡ್ಡಮ್ಮ,

ಕಾಗದ ಬರೆಯದೆ ಆರು ತಿಂಗಳಾಯಿತೆಂದು ಬೈಯಬೇಡ. ಬೈದರೂ ಇವತ್ತು ನನಗೆ ತಟ್ಟುವುದಿಲ್ಲ. ಶುಕ್ರವಾರ ನಮ್ಮ ಹೊಲಿಗೆ ಸಂಘಕ್ಕೆ ನನ್ನನ್ನು ಅಧ್ಯಕ್ಷೆಯಾಗಿ ಆರಿಸಿದರು. ಸೂಜಿಗೆ ದಾರ ಪೋಣಿಸುವ ಮೊದಲೇ ಪೆಡಲು ತುಳಿಯುತ್ತಿದ್ದ ನಿನ್ನ ಗಡಿಬಿಡಿ ಈಗ ನಿನ್ನ ಕುರ್ಚಿಯಲ್ಲಿ ಕೂತಿದ್ದಾಳೆ. ನಗು ಬಂದರೆ ನಕ್ಕುಬಿಡು.

ಆದರೆ ಹನ್ನೊಂದು ವರ್ಷದಿಂದ ಗಂಟಲಲ್ಲೇ ಉಳಿದ ಮಾತೊಂದಿದೆ. ನಿನಗೆ ಗೊತ್ತಿರುವುದನ್ನೇ ಬರೆಯುತ್ತೇನೆ, ನನ್ನ ಬಾಯಿಂದ ಬರಲೆಂದು.

ನಮ್ಮ ಹೊಲಿಗೆ ಕೋಣೆಗೆ ಒಂದೇ ಕಡೆ ಕಿಟಕಿ. ಎದುರು ಗೋಡೆಯ ಬದಿಗೆ ಒಂದು ಟ್ಯೂಬ್‌ಲೈಟು, ಅದೂ ಮನಸ್ಸು ಬಂದಾಗ ಉರಿಯುವಂಥದ್ದು. ಅದಕ್ಕೇ ನೀವು ಹಳಬರು ಒಂದು ಪದ್ಧತಿ ಮಾಡಿದ್ದಿರಿ: ಪ್ರತಿ ಸೋಮವಾರ ಎಲ್ಲರೂ ಒಂದೊಂದು ಮೆಷಿನ್ ಮುಂದಕ್ಕೆ ಸರಿಯುವುದು, ಕಿಟಕಿ ಸಾಲಿನ ಕೊನೆಯವಳು ಗೋಡೆ ಸಾಲಿಗೆ ಹೋಗುವುದು. ಯಾರ ಕಣ್ಣೂ ಯಾವಾಗಲೂ ಕತ್ತಲಿಗೆ ಬೀಳುತ್ತಿರಲಿಲ್ಲ.

ಆ ವರ್ಷ ಊರು ಕೆಟ್ಟಿತು. ಮೈಕು ಹಿಡಿದವರು ಬಂದು, ಯಾವ ಭಾಷೆಯವರು ಹೆಚ್ಚೋ ಅವರದ್ದೇ ಊರು ಎಂದು ಹೇಳಿಹೋದರು. ಅಲ್ಲಿಯವರೆಗೆ ನಮ್ಮಲ್ಲಿ ಬೇರೆ ಭಾಷೆಯವರು ಎಷ್ಟು ಮಂದಿ ಎಂದು ಯಾರೂ ಎಣಿಸಿರಲಿಲ್ಲ. ಎಣಿಸಿದರೆ ಏಳು ಜನ. ಗೋಡೆ ಸಾಲಿನಲ್ಲಿ ಮೆಷಿನ್ನೂ ಏಳು. ಕಾಲರ್ ಹೊಲಿಯುತ್ತಿದ್ದ ಅಕ್ಕ ಎದ್ದು, "ಗೋಡೆ ಸಾಲು ಅವ್ರಿಗೇ ಇರ್ಲಿ, ಬೇಕಾದ್ರೆ ಓಟು ಹಾಕೋಣ" ಅಂದಳು.

ನಾನು ಕೈ ಎತ್ತಿದೆ, ದೊಡ್ಡಮ್ಮ. ಗುಂಪಿನಲ್ಲಿ ಗೋವಿಂದ. ನಿನ್ನ ಎದುರಿಗೇ ಕೂತು, ನಿನ್ನ ಮುಖ ನೋಡದೆ ಎತ್ತಿದೆ. ಬೇಕು ಎಂದವು ಹದಿನಾಲ್ಕು ಕೈ, ಬೇಡ ಎಂದವು ಎಂಟು. ಎಂಟನೆಯದು ನಿನ್ನದು. ಅಧ್ಯಕ್ಷೆಯಾಗಿದ್ದ ನೀನು ಲೆಕ್ಕವನ್ನು ಸಂಘದ ಪುಸ್ತಕದಲ್ಲಿ ಸರಿಯಾಗಿ ಬರೆದು ಸಹಿ ಹಾಕಿದೆ. ಆಮೇಲೆ ಕಿಟಕಿಯ ಕೆಳಗಿದ್ದ ನಿನ್ನ ಕಟಿಂಗ್ ಮೇಜನ್ನು ನೀನೇ ಗೋಡೆಯ ಕಡೆಗೆ ಎಳೆಯತೊಡಗಿದೆ. ಇನ್ನೊಂದು ತುದಿ ಹಿಡಿದದ್ದು ಗುಂಡಿಗೆ ಕಾಜಾ ಹೊಲಿಯುತ್ತಿದ್ದ ಅಜ್ಜಿ, ಆ ಏಳು ಜನರಲ್ಲಿ ಹಿರಿಯಳು. "ಬಹುಮತ ಬಂದಿದೆ, ಒಪ್ಕೋತೀನಿ. ನನ್ನ ಮೇಜು ಎಲ್ಲಿರ್ಬೇಕು ಅನ್ನೋಕೆ ಯಾರ ಓಟೂ ಬೇಡ" ಅಂದೆ ನೀನು.

ಮುಂದಿನ ತಿಂಗಳು ಎರಡು ಕಚೇರಿಗಳ ಕೋಟಿನ ಕೆಲಸ ಬಂತು. ಒಂದಕ್ಕೆ ಕರಿ, ಇನ್ನೊಂದಕ್ಕೆ ಕಡುನೀಲಿ. ಆ ಮಬ್ಬಿನಲ್ಲಿ ಎರಡೂ ಒಂದೇ. ಕಾಲರು, ಜೇಬು ಕಿಟಕಿ ಸಾಲಿನ ನಾವು ಹೊಲಿದು ಕೊಟ್ಟೆವು. ತೋಳು ಕೂಡಿಸುವುದು, ಇಸ್ತ್ರಿ, ಕಟ್ಟು ಕಟ್ಟುವುದು ಎಲ್ಲ ಗೋಡೆ ಸಾಲಿನಲ್ಲೇ. ಕಟ್ಟು ಬಿಚ್ಚಿದ್ದು ಕಚೇರಿಯ ಅಂಗಳದ ಬಿಸಿಲಿನಲ್ಲಿ. ಹದಿನೆಂಟು ಕರಿ ಕೋಟುಗಳಿಗೆ ನೀಲಿ ತೋಳು.

ಮಾಲು ವಾಪಸು ಬಂದ ದಿನ ಕಾಲರ್ ಅಕ್ಕ, "ಬೇಕಂತ್ಲೇ ಮಾಡಿದಾರೆ, ಆ ಜನಾನೇ ಅಷ್ಟು" ಅಂದಳು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವಂತೆ ನಾವೆಲ್ಲ ತಲೆಯಾಡಿಸಿದೆವು. ಏಳು ಜನರನ್ನೂ ತೆಗೆಯಲು ಮತ್ತೊಂದು ಓಟು ಎಂಬ ಮಾತು ಬಂತು. ಹೊರಗೆ ಅವರ ಭಾಷೆಯವರ ಅಂಗಡಿಗಳಿಗೆ ಬೆಂಕಿ ಬೀಳುತ್ತಿದ್ದ ದಿನಗಳು. ನಮ್ಮ ಬಾಗಿಲು ದಾಟಿದರೆ ಅವರಿಗೆ ಬೇರೆ ಕೆಲಸ ಎಲ್ಲಿತ್ತು?

ನೀನು ಎರಡು ತುಂಡು ಬಟ್ಟೆ ಹಿಡಿದು ಕಾಲರ್ ಅಕ್ಕನನ್ನು ಗೋಡೆಯ ಹತ್ತಿರ ಕರೆದೆ. "ಇದ್ರಲ್ಲಿ ಕರೀದು ಯಾವ್ದು ಹೇಳು." ಅವಳು ತಿರುಗಿಸಿದಳು, ಮುಖದ ಹತ್ತಿರ ಹಿಡಿದಳು, ಕೊನೆಗೆ ಒಂದನ್ನು ತೋರಿಸಿದಳು. ಕಿಟಕಿಗೆ ತಂದರೆ ಅಚ್ಚ ನೀಲಿ.

"ಕತ್ತರ್ಸಿದ್ದು ನಾನು, ತಪ್ಪು ನಂದು" ಅಂದೆ ನೀನು. "ಇಪ್ಪತ್ತೆರಡು ವರ್ಷ ಕತ್ತರಿ ಹಿಡಿದೋಳಿಗೇ ಕಾಣ್ಲಿಲ್ಲ. ಬೆಳಕು ಕಿತ್ಕೊಂಡೋರು ನಾವು, ಕಣ್ಣಿಲ್ವಾ ಅಂತ ಬೈಯೋರೂ ನಾವೇ."

ನೀನು ಬೇಕೆಂದೇ ತೋಳು ಅದಲುಬದಲು ಮಾಡಿದೆ ಎಂದು ಕೆಲವರು ಇಂದಿಗೂ ಹೇಳುತ್ತಾರೆ. ಅಲ್ಲವೆಂದು ನನಗೆ ಗೊತ್ತು. ಅಂದು ಮಧ್ಯಾಹ್ನ ಬಟ್ಟೆಯ ಥಾನುಗಳ ಮರೆಯಲ್ಲಿ, ಎಂದೂ ಒಂದು ತುಂಡು ಕೆಡಿಸದ ನಿನ್ನ ಕೈಯನ್ನೇ ನೋಡಿಕೊಂಡು ನೀನು ಅತ್ತದ್ದನ್ನು ನೋಡಿದ್ದೇನೆ. ಅಷ್ಟು ವರ್ಷದ ಹೆಸರನ್ನು ಏಳು ಜನರ ಅನ್ನ ಉಳಿಯಲೆಂದು ಎಲ್ಲರೆದುರು ಬಿಟ್ಟುಕೊಟ್ಟೆ. ನಾನು ಸ್ಟೂಲು ಎಳೆದುಕೊಂಡು ಬಂದು ನಿನ್ನ ಜೊತೆ ಆ ತೋಳುಗಳನ್ನು ಬಿಚ್ಚಲು ಕೂತೆ. ಕ್ಷಮಿಸು ಎನ್ನಬೇಕಿತ್ತು, ನಾಲಿಗೆ ಏಳಲಿಲ್ಲ. ಈಗ ಅನ್ನುತ್ತಿದ್ದೇನೆ. ಮುಂದಿನ ಸೋಮವಾರ ಯಾರೂ ಹೇಳದೆಯೇ ಎಲ್ಲರೂ ಒಂದು ಮೆಷಿನ್ ಮುಂದಕ್ಕೆ ಸರಿದರು.

ಇನ್ನು ಶುಕ್ರವಾರದ ಸುದ್ದಿ ಕೇಳು. ಸುಟ್ಟುಹೋದ ಯಾವುದೋ ಊರಿನಿಂದ ಬಂದ ಮೂವರು ಹೆಂಗಸರು ನಮ್ಮಲ್ಲಿ ಸೇರಿದ್ದಾರೆ. ಅವರದ್ದು ಮೂರನೆಯದೇ ಒಂದು ಭಾಷೆ. ನಾನು ಕುರ್ಚಿಯಲ್ಲಿ ಕೂರುವಷ್ಟರಲ್ಲೇ ಸಲಹೆ ಬಂತು: ಹೊಸಬರು ಒಂದು ವರ್ಷ ಗೋಡೆ ಸಾಲಿನಲ್ಲೇ ಇರಲಿ, ಓಟು ಹಾಕೋಣ. ಹೇಳಿದ್ದು ಯಾರು ಗೊತ್ತೇ? ಕಾಜಾ ಅಜ್ಜಿಯ ಮೊಮ್ಮಗಳು. ಸಿಟ್ಟು ಬರಲಿಲ್ಲ, ಅವಳ ವಯಸ್ಸಿನಲ್ಲಿ ಎತ್ತಿದ್ದ ನನ್ನ ಕೈ ನೆನಪಾಯಿತು. ಪುಸ್ತಕದ ಮೊದಲ ಪುಟ ತೆಗೆದು ಅವಳಿಂದಲೇ ಗಟ್ಟಿಯಾಗಿ ಓದಿಸಿದೆ. ಆ ತೋಳು ಬಿಚ್ಚಿದ ವಾರ ನೀನು ಬರೆದಿಟ್ಟ ಗುಂಡಗಿನ ಅಕ್ಷರ: "ಕಿಟಕಿಯ ಸರದಿ ಓಟಿಗೆ ಹಾಕುವ ವಿಷಯವಲ್ಲ."

"ಇದನ್ಯಾಕೆ ಬರೆದ್ರು?" ಅಂದಳು.

"ಮನೆಗೆ ಹೋಗಿ ನಿಮ್ಮಜ್ಜೀನ ಕೇಳು" ಅಂದೆ.

ಇವತ್ತು ಸೋಮವಾರ, ಅವಳು ಬಂದವಳೇ ಹೊಸಬಳೊಬ್ಬಳ ಮೆಷಿನ್ನನ್ನು ತಾನೇ ಒರೆಸಿ, ಅವಳನ್ನು ಕಿಟಕಿ ಸಾಲಿಗೆ ಕೂರಿಸಿದಳು. ಕಿಟಕಿ ಸಾಲಿನ ಕೊನೆಯವಳು ನಾನು. ಅಧ್ಯಕ್ಷೆಗೂ ಸರದಿಯೇ ಎಂದು ಯಾರೋ ರಾಗ ಎಳೆದರು. ನಾನು ಎಂಟನೆಯ ಕೈ ಎತ್ತಿದವಳ ತಂಗಿಯ ಮಗಳು ಎಂದು ಹೇಳಿ ಗೋಡೆಗೆ ಬಂದೆ. ಊಟದ ಬಿಡುವಿನಲ್ಲಿ ಇಲ್ಲೇ ಕೂತು ಬರೆಯುತ್ತಿದ್ದೇನೆ. ಸಾಲು ಸೊಟ್ಟಗಾಗಿದ್ದರೆ ನನ್ನನ್ನು ಬೈಯಬೇಡ, ಟ್ಯೂಬ್‌ಲೈಟನ್ನು ಬೈ.

ನಿನ್ನ ಕಣ್ಣು, ಕೈ ಎರಡೂ ನೂರು ವರ್ಷ ಗಟ್ಟಿಯಾಗಿರಲಿ.

ಈ ವಾರ ಗೋಡೆ ಸಾಲಿನಿಂದ,
ನಿನ್ನ ಗಡಿಬಿಡಿ