ಹಿಮ್ಮಡಿ ಸವೆಯದ ಚಪ್ಪಲಿ

ಅಪ್ಪನಿಗೆ,

ಪಕ್ಕದ ಕೋಣೆಯಲ್ಲಿರುವವರಿಗೆ ಕಾಗದ ಬರೆಯುವುದು ವಿಚಿತ್ರವೇ. ಆದರೆ ನಾವಿಬ್ಬರೂ ಮುಖ ನೋಡಿ ಮಾತಾಡಿದವರಲ್ಲ. ಅಮ್ಮನನ್ನು ‘ನೀನು’ ಅಂದವಳು ನಿಮ್ಮನ್ನು ಇವತ್ತಿಗೂ ‘ನೀವು’ ಅನ್ನುತ್ತೇನೆ. ನೀವೀಗ ಮೊಮ್ಮಗಳು ಪುಟ್ಟಿಯನ್ನು ತಳ್ಳುಗಾಡಿಯಲ್ಲಿ ಕೂರಿಸಿಕೊಂಡು ಪಾರ್ಕಿಗೆ ಹೋಗಿದ್ದೀರಿ. ವಾಪಸ್ ಬರುವಷ್ಟರಲ್ಲಿ ಇದನ್ನು ಮುಗಿಸಿ ನಿಮ್ಮ ಧ್ಯಾನದ ದಿಂಬಿನ ಕೆಳಗೆ ಇಡಬೇಕು. ತಿಂಗಳುಗಟ್ಟಲೆ ನಿದ್ದೆಗೆಟ್ಟ ತಲೆ ಇದು. ಅಕ್ಷರ ಸೊಟ್ಟಗಿದ್ದರೆ ಹೊಂದಿಸಿಕೊಳ್ಳಿ.

ಹೆರಿಗೆ ರಜೆ ಮುಗಿಯುತ್ತಿದೆ, ಸೋಮವಾರ ನಾನು ಪ್ರಯೋಗಾಲಯಕ್ಕೆ ಉತ್ತರ ಕೊಡಬೇಕು. ಮರಳಿ ಬರುತ್ತೇನೆ ಅನ್ನಬೇಕು, ಇಲ್ಲವೇ ಜಾಗ ಬಿಟ್ಟುಕೊಡಬೇಕು. ಬರುತ್ತೇನೆ ಅಂದರೆ ಪುಟ್ಟಿ ದಿನವಿಡೀ ನಿಮ್ಮ ಕೈಯಲ್ಲಿ. ಮುಚ್ಚುಮರೆ ಯಾಕೆ, ನನಗೆ ನಿಮ್ಮ ಮೇಲೆ ಅನುಮಾನ.

ನಾನು ಕೂಸಾಗಿದ್ದಾಗ, ಲಿಫ್ಟ್ ಓಡಾಡಿದರೆ ನಿಮ್ಮ ಪ್ರಯೋಗಾಲಯದ ಕಟ್ಟಡ ನಡುಗುತ್ತದೆ ಎಂದು ನೀವು ಹರಳು ಬೆಳೆಸುವ ಗಾಜಿನ ತಟ್ಟೆಗಳನ್ನು ಮನೆಯ ಹಿಂದಿನ ಕೋಣೆಗೇ ತಂದಿಟ್ಟಿರಿ. ಒಂದೊಂದು ತಟ್ಟೆಯಲ್ಲೂ ಒಂದು ಹನಿ, ಹನಿಯೊಳಗೆ ಯಾವುದೋ ರೋಗಾಣುವಿನ ಪ್ರೋಟೀನು. ಅಲ್ಲಾಡದಿದ್ದರೆ ಹರಳು, ಅಲ್ಲಾಡಿದರೆ ಬರೀ ಕದಡಿದ ನೀರು. “ಇಣುಕಬೇಡಿ, ಮುಟ್ಟಬೇಡಿ, ಅದರ ಪಾಡಿಗೆ ಅದು ಬೆಳೀಲಿ” ಎಂದು ವಿದ್ಯಾರ್ಥಿಗಳಿಗೆ ಹೇಳುತ್ತಿದ್ದಿರಿ. ಮನೆಗೂ ಅದೇ ಕಾನೂನಾಯಿತು. ಅಮ್ಮ ಕುಕ್ಕರ್ ಇಳಿಸುವಾಗ ಕೆಳಗೆ ಮಡಚಿದ ಬಟ್ಟೆ ಇಡುತ್ತಿದ್ದಳು. ನಾನು ನಡೆಯಲು ಕಲಿತದ್ದೇ ತುದಿಗಾಲಲ್ಲಿ. ಈಗಲೂ ನನ್ನ ಚಪ್ಪಲಿ ಮುಂದೆ ಸವೆದು ತೂತಾಗುತ್ತದೆ, ಹಿಮ್ಮಡಿಯ ಕಡೆ ಅಂಗಡಿಯಿಂದ ತಂದ ಹಾಗೇ ಇರುತ್ತದೆ. ಮೊನ್ನೆ ಚಪ್ಪಲಿ ಹೊಲಿಯುವವನು, “ಏನಮ್ಮಾ, ಹಿಮ್ಮಡೀನ ಬಾಡಿಗೆಗೆ ತಂದಿದ್ದೀರಾ? ನೆಲಕ್ಕೆ ಊರೋದೇ ಇಲ್ವಲ್ಲ” ಅಂದ. ನಕ್ಕುಬಿಟ್ಟೆ. ಮನೆಗೆ ಬರುವ ದಾರಿಯುದ್ದಕ್ಕೂ ನಗು ಬರಲಿಲ್ಲ.

ಅಮ್ಮನ ಮಾತು ನೆನಪಿದೆಯೇ? “ನಿಮ್ಮಪ್ಪ ಮನೇಲಿದ್ರೂ ಒಂದೇ, ಇಲ್ದಿದ್ರೂ ಒಂದೇ ಕಣೇ. ಗೋಡೆ ಗಡಿಯಾರಕ್ಕಾದ್ರೂ ಕೀಲಿ ಕೊಟ್ರೆ ಬಾಯಿ ಬಿಡತ್ತೆ.”

ನಿಮ್ಮ ಹರಳು ಕೊನೆಗೂ ಬೆಳೆಯಿತು. ಅದರ ಆಕಾರ ನೋಡಿಕೊಂಡು ಬೇರೆ ಯಾರೋ ಔಷಧಿ ಮಾಡಿದರು. ಕಂಡರಿಯದ ಎಷ್ಟೋ ಮಕ್ಕಳು ಅದರಿಂದ ಉಸಿರಾಡುತ್ತಿದ್ದಾರೆ. ಕಳೆದ ಚಳಿಗಾಲದಲ್ಲಿ ಪುಟ್ಟಿಗೆ ಎದೆ ಕಟ್ಟಿದಾಗ ನಾನೂ ಅದನ್ನೇ ಕುಡಿಸಿದೆ. ಚಮಚಕ್ಕೆ ಬಗ್ಗಿಸುವಾಗ, ಈ ಬಾಟಲಿಯಲ್ಲಿರುವುದು ನನ್ನ ಬಾಲ್ಯ ಅನ್ನಿಸಿತು. ಪುಟ್ಟಿ ಚಪ್ಪರಿಸಿಕೊಂಡು ಕುಡಿದಳು. ಬೆಳಗಾಗುವಷ್ಟರಲ್ಲಿ ಉಸಿರು ಹಗುರಾಗಿತ್ತು. ಇದನ್ನು ಯಾವ ತಕ್ಕಡಿಯಲ್ಲಿ ಇಡಲಿ, ನೀವೇ ಹೇಳಿ.

ನಿಮ್ಮನ್ನೇ ಒಮ್ಮೆ ಕೇಳಿಯೂ ಇದ್ದೆ. ಅಮ್ಮ ಹೋದ ಮೇಲೆ ನೀವು ಝೆನ್ ಧ್ಯಾನ ಹಿಡಿದಿರಿ, ಗೋಡೆಗೆ ಮುಖ ಮಾಡಿ ಕೂರಲು ಶುರುಮಾಡಿದಿರಿ. ನಮ್ಮ ಕಡೆಗೆ ಬೆನ್ನು ಮಾಡುವುದು ನಿಮಗೆ ಹೊಸದೇನಲ್ಲ ಬಿಡಿ. ಒಳ್ಳೆಯ ತಂದೆಯಾಗುವುದು ದೊಡ್ಡದೋ, ಆ ಹರಳು ದೊಡ್ಡದೋ ಎಂದು ಕೇಳಿದಾಗ ನೀವು ಪುಟ್ಟಿಗೆ ತಿನ್ನಿಸುತ್ತಿದ್ದಿರಿ. “ತಕ್ಕಡಿ ಕೆಳಗಿಡು ಮಗಳೇ. ಹರಳು ಬೆಳೆಸುವಾಗ ಹರಳು, ತುತ್ತು ಕೊಡುವಾಗ ತುತ್ತು. ದೊಡ್ಡದು ಚಿಕ್ಕದು ಅನ್ನೋದೆಲ್ಲ ಮನಸ್ಸಿನ ಚಾಳಿ” ಅಂದಿರಿ. ಆಮೇಲೆ ಅವಳ ಕಡೆ ತಿರುಗಿ, “ಅಲ್ವಾ ಗುರುಗಳೇ? ಎಲ್ಲಿ, ಬಾಯಿ ತೆರೀರಿ” ಅಂದಿರಿ.

ಮಾತು ಚೆನ್ನಾಗಿತ್ತು. ಚೆನ್ನಾಗಿದ್ದದ್ದಕ್ಕೇ ನಂಬಲಿಲ್ಲ. ತಕ್ಕಡಿ ಕೆಳಗಿಡು ಎಂದು ಮೊದಲು ಹೇಳುವವನು ತೂಕದಲ್ಲಿ ಕಡಿಮೆ ಕೊಟ್ಟವನೇ ಅಲ್ಲವೇ? ಹರಳು ಬೆಳೆಸುವಾಗ ಹರಳು, ಒಪ್ಪಿದೆ. ತುತ್ತು ಕೊಡುವ ಹೊತ್ತು ನಮ್ಮ ಮನೆಯಲ್ಲಿ ಯಾವತ್ತು ಬಂದಿತ್ತು? ನನ್ನ ಕೆಲಸ ನಿಮ್ಮದರ ಹಾಗಲ್ಲ. ನಾನು ಸಾಕುವ ಹೃದಯದ ಜೀವಕೋಶಗಳನ್ನು ದಿನವೂ ನೋಡಬೇಕು, ಉಣಿಸಬೇಕು, ಬಿಟ್ಟರೆ ಸಾಯುತ್ತವೆ. ಆದರೂ ಹೆದರಿಕೆ ಒಂದೇ. ಹೋದರೆ ನಾನು ನೀವಾಗುತ್ತೇನೆ, ಉಳಿದರೆ ಅಮ್ಮನಾಗುತ್ತೇನೆ.

ಅದಕ್ಕೇ ಕಳೆದ ವಾರ, ಪ್ರಯೋಗಾಲಯದಲ್ಲಿ ಅರ್ಧ ದಿನ ಕೆಲಸ ಮಾಡಿ ನೋಡೋಣವೆಂದು ಹೊರಟಾಗ, ಹಳೆಯ ಫೋನನ್ನು ಕ್ಯಾಮೆರಾ ಮಾಡಿ ಪುಸ್ತಕಗಳ ನಡುವೆ ಸಿಕ್ಕಿಸಿಟ್ಟೆ. ನಿಮ್ಮ ಅಳಿಯ, “ಪುಕ್ಕಟೆ ಸಿಕ್ಕಿರೋ ಆಯಾ ಮೇಲೆ ಪತ್ತೇದಾರಿಕೆ ಮಾಡ್ತೀಯಲ್ಲೇ, ನಿಂಗೆ ಪುಣ್ಯ ಬರತ್ತಾ?” ಎಂದು ರೇಗಿಸಿದ. ರೇಗಿಸಲಿ, ಅವನು ತುದಿಗಾಲಲ್ಲಿ ಬೆಳೆದವನಲ್ಲ.

ಪ್ರಯೋಗಾಲಯದಲ್ಲಿ ಗ್ಲೌಸ್ ಹಾಕಿದ ಕೈಯಲ್ಲಿ ತಟ್ಟೆ ಹಿಡಿದು, ಕಣ್ಣೆಲ್ಲ ಫೋನಿನ ಪರದೆ ಮೇಲೆ ಇಟ್ಟಿದ್ದೆ. ನೀವು ಗೋಡೆಗೆ ಮುಖ ಮಾಡಿ ಕೂತಿದ್ದಿರಿ. ಹಿಂದೆ ಚಾಪೆಯ ಮೇಲೆ ಪುಟ್ಟಿ ಕುಂಯ್‌ಗುಡುತ್ತಿದ್ದಳು. ನೀವು ತಿರುಗಲಿಲ್ಲ. ಅದೇ ಬೆನ್ನು, ಅಪ್ಪ. ಮೈಯೆಲ್ಲ ಉರಿದುಹೋಯಿತು. ಮನೆಗೆ ಓಡಿಬರಲು ಇನ್ನೊಂದು ಕೈಯನ್ನು ಬ್ಯಾಗಿಗೆ ಹಾಕಿದ್ದೆ. ಅಷ್ಟರಲ್ಲಿ ಅವಳು ಅಂಬೆಗಾಲಿಟ್ಟು ಬಂದು ನಿಮ್ಮ ಅಂಗಿ ಹಿಡಿದು ಎದ್ದು ನಿಂತಳು. ನೀವು ಮೆಲ್ಲಗೆ ತಿರುಗಿ, ಅವಳ ಎರಡೂ ಕೈ ಹಿಡಿದು ಎದ್ದಿರಿ. ಆಮೇಲೆ ಧಡ್ ಎಂದು ಕಾಲು ಅಪ್ಪಳಿಸಿದಿರಿ. ನೀವು! “ಹಿಮ್ಮಡಿ ಊರಿ ಗುರುಗಳೇ, ಹಾಂ, ಇನ್ನೂ ಜೋರಾಗಿ. ಇಡೀ ಮನೆ ಅಲ್ಲಾಡ್ಲಿ. ನಿಮ್ಮಮ್ಮಂಗೆ ಇದೊಂದನ್ನ ಕಲಿಸ್ಲಿಲ್ಲ ನಾನು.”

ನನ್ನ ಕೈಯಲ್ಲಿದ್ದ ತಟ್ಟೆ ತುಳುಕಿತು.

ಆದರೆ ನಾನು ನಿಮ್ಮ ಮಗಳು, ಒಂದು ಸಲ ಕಂಡದ್ದನ್ನು ನಂಬುವವಳಲ್ಲ. ಗಾಜಿನ ಮೇಲಿನ ಕೂದಲೆಳೆ ಕಾಣುವ ನಿಮಗೆ ಪುಸ್ತಕಗಳ ನಡುವಿನ ಫೋನ್ ಕಾಣದೇ ಹೋಯಿತೇ? ಕೊನೆಯ ಮಾತು ಯಾರಿಗೆ ಹೇಳಿದ್ದು, ಪುಟ್ಟಿಗೋ, ಫೋನಿಗೋ? ವಾರವೆಲ್ಲ ಇದೇ ಕೊರೆಯಿತು. ನಿಮ್ಮ ಮುಖ ನೋಡಿದೆ, ಏನೂ ಸಿಗಲಿಲ್ಲ. ನಿಮ್ಮ ಮುಖದಲ್ಲಿ ಯಾವತ್ತು ಏನು ಸಿಕ್ಕಿದೆ?

ನೀವು ಪಾರ್ಕಿಗೆ ಹೊರಟ ಸ್ವಲ್ಪ ಹೊತ್ತಿಗೆ ಕೆಳಗಿನ ಮನೆಯ ದಂತವೈದ್ಯೆ ಮೇಲೆ ಬಂದರು. “ಅಲ್ರೀ, ಮನೇಲಿ ಆನೆ ಸಾಕಿದ್ದೀರಾ? ಒಂದು ತಿಂಗಳಿಂದ ಇದೇ ಗೋಳು. ನೀವು ಮೆಟ್ಟಿಲು ಇಳಿದ್ರೆ ಸಾಕು, ಧಡ್ ಧಡ್ ಅಂತ ಶುರು. ನಮ್ಮ ಶೋಕೇಸಿನ ಕಪ್ಪುಗಳೆಲ್ಲ ಕುಣೀತಾವೆ. ನಿಮ್ಮ ತಂದೆಯವರಿಗೆ ಸ್ವಲ್ಪ ಹೇಳಿ.”

ಒಂದು ತಿಂಗಳಿಂದ. ನಾನು ಫೋನ್ ಇಟ್ಟದ್ದು ಕಳೆದ ವಾರ.

ಅವರು ಹೋದ ಮೇಲೆ ಬಾಗಿಲಿಗೆ ಒರಗಿ ನಿಂತಿದ್ದೆ. ನಮ್ಮ ಮನೆಯಲ್ಲಿ ಸದ್ದು ಜಾಸ್ತಿ ಎಂದು ನನ್ನ ಜೀವಮಾನದಲ್ಲಿ ಯಾರೂ ದೂರಿದ್ದಿಲ್ಲ.

ಇದರಿಂದ ಲೆಕ್ಕ ಚುಕ್ತಾ ಆಯಿತು ಅಂದುಕೊಳ್ಳಬೇಡಿ. ತಕ್ಕಡಿಯನ್ನು ನಾನು ಕೆಳಗಿಟ್ಟಿಲ್ಲ, ಹಿಡಿದು ಹಿಡಿದು ಕೈ ಸೋತಿದೆ ಅಷ್ಟೇ. ಪುಟ್ಟಿಗೆ ಕೊಡುತ್ತಿರುವುದು ನನಗೆ ಕೊಡಬೇಕಾಗಿದ್ದದ್ದು ಎಂಬ ಹೊಟ್ಟೆಕಿಚ್ಚೂ ಇದೆ. ಇರಲಿ, ಅದನ್ನು ನಾನು ನೋಡಿಕೊಳ್ಳುತ್ತೇನೆ. ಸೋಮವಾರ ಬರುತ್ತೇನೆಂದು ಹೇಳಲಿದ್ದೇನೆ. ಫೋನ್ ಮಾತ್ರ ಅಲ್ಲೇ ಇರುತ್ತದೆ. ಅದು ಆನ್ ಇದೆಯೋ ಆಫ್ ಇದೆಯೋ ನಿಮಗೆ ತಿಳಿಯುವುದಿಲ್ಲ. ಅನುಮಾನ ಅಂದರೇನು ಎಂದು ನಿಮಗೂ ಸ್ವಲ್ಪ ಗೊತ್ತಾಗಲಿ.

ನಿಮಗೆ ಹೇಳುತ್ತೇನೆಂದು ದಂತವೈದ್ಯೆಗೆ ಮಾತು ಕೊಟ್ಟಿದ್ದೆ. ಹೇಳಿದ್ದಾಯಿತು.

ಇನ್ನು ಜೋರಾಗಿ ತುಳಿಯಿರಿ.

ನಿಮ್ಮ ಮಂಡಿಗಳು ಗಟ್ಟಿಯಾಗಿರಲಿ ಎಂದು ಹಾರೈಸುವ,
ತುದಿಗಾಲಿನ ಮಗಳು