ಟಕ್ ಎನ್ನುವ ಹದಿನಾಲ್ಕು ಜಾಗ

೨೨೧೪ನೆಯ ಇಸವಿ, ಹದಿಮೂರನೇ ತಿಂಗಳು, ಎರಡನೇ ಬುಧವಾರ.

ಪಿಯಾನೋದ ಇವಾಂಜಲಿನ್, ಡ್ರಮ್ಮಿನ ರಹಮತ್, ಮತ್ತು ಬಾಸ್ ಗಿಟಾರಿನ ಶೆಣ್ಬಗಂ, ಅಂದರೆ ನನ್ನ ಮುತ್ತಜ್ಜಿಯ ಅಜ್ಜಿ, ನಿಮ್ಮ ಮೂವರಿಗೂ.

ನನ್ನ ಮಾತು ವಿಚಿತ್ರ ಅನ್ನಿಸಿದರೆ ಕ್ಷಮಿಸಿ. ಮೂರನೇ ಕ್ಲಾಸಿಗೇ ಊರಿನ ಶಾಲೆ ಬಿಟ್ಟವಳು ನಾನು. ಈ ಕಾಗದ ಹಿಂದಂಚೆಯಲ್ಲಿ ಬರುತ್ತಿದೆ. ಅಂದರೆ ಕಳೆದ ಕಾಲಕ್ಕೆ ಹೋಗುವ ಟಪಾಲು. ಒಬ್ಬರಿಗೆ ಜನ್ಮಕ್ಕೆ ಒಂದೇ ಹಾಳೆ. ಸತ್ತ ತಾಯಿಗೆ ಬರೆಯುವವರೇ ಹೆಚ್ಚು. ನಾನದನ್ನು ನಿಮ್ಮ ಮೇಲೆ ಖರ್ಚು ಮಾಡುತ್ತಿದ್ದೇನೆ, ಗಮನವಿಟ್ಟು ಓದಿ.

ಇಲ್ಲಿ ಪ್ರತಿ ಮನೆಯ ಗೋಡೆಯಲ್ಲೂ ನಯಕ ಇರುತ್ತದೆ. ಸದ್ದು ಕಿವಿಗೆ ಬೀಳುವ ಮೊದಲೇ ಅದರ ಒರಟು ತೆಗೆಯುವ ಯಂತ್ರ. ಕುಕ್ಕರಿನ ಕೂಗು ಕೊಳಲಾಗುತ್ತದೆ. ನಾನು ಸೊಸೆಯನ್ನು ಬೈದರೆ ಅವಳಿಗೆ ಜೋಗುಳದಂತೆ ಕೇಳಿ, "ಇನ್ನೊಂದ್ಸಲ ಹೇಳಿ ಅತ್ತೆ" ಅನ್ನುತ್ತಾಳೆ. ಬೈದು ಬೈದು ಸಾಕಾಗಿದೆ. ತಂತಿಯನ್ನು ಕಿವಿಗೇ ಸಿಕ್ಕಿಸಿಕೊಂಡು ಕೇಳುವ ಹಳೆಯ ಪೆಟ್ಟಿಗೆಯಲ್ಲಿ ಹಾಕುವುದರಿಂದ ನಯಕಕ್ಕೆ ಸಿಗದೆ ಉಳಿದದ್ದು ನಿಮ್ಮ ಮೊದಲ ಆಲ್ಬಂ ಒಂದೇ. ಜಾಜ್ ಅಂದರೇನೆಂದು ನನಗೆ ಇವತ್ತಿಗೂ ಗೊತ್ತಿಲ್ಲ.

ಎಂಟು ಹಾಡು, ಏಳು ನಿಮ್ಮದೇ. ಮುಚ್ಚಿದ ಗಣಿಯ ಪಕ್ಕದ ಸಭಾಂಗಣದಲ್ಲಿ ನೀವು ನುಡಿಸಿದ ಪಿಯಾನೋದ ನಡುವಿನ ಒಂದು ಕೀ ಸತ್ತಿತ್ತು. ಒತ್ತಿದರೆ ಮರದ ಟಕ್ ಮಾತ್ರ. ನೀವೋ, ರಿಪೇರಿ ಮಾಡಿಸುವುದು ಬಿಟ್ಟು ಅದನ್ನು ಮುಟ್ಟದಂತೆ ಏಳು ರಚನೆ ಮಾಡಿಕೊಂಡಿರಿ. ಅಷ್ಟು ಬುದ್ಧಿವಂತರು ಎಂಟನೆಯದಕ್ಕೆ ಶೆಣ್ಬಗಂ ಅವರ ತಾಯಿ ಹಾಡುತ್ತಿದ್ದ ಜೋಗುಳ ತಂದಿರಿ. ಅದು ಯಾವ ಪಿಯಾನೋವನ್ನೂ ನೋಡಿ ಹುಟ್ಟಿದ್ದಲ್ಲ. ಹದಿನಾಲ್ಕು ಸಲ ಆ ಕೀ ಮೇಲೇ ಬಂದು ಬೀಳುತ್ತದೆ. ಟಕ್ಕುಗಳನ್ನು ಹಾಗೇ ಬಿಟ್ಟಿರಿ.

ನನ್ನ ಯಜಮಾನರಿಗೆ ಕೊನೆಯ ವರ್ಷ ಮಾತು ನಿಂತಿತ್ತು. ಇಬ್ಬರೂ ಆ ತಂತಿಯ ಒಂದೊಂದು ತುದಿಯನ್ನು ಕಿವಿಗೆ ಸಿಕ್ಕಿಸಿಕೊಂಡು ಕೇಳುವಾಗ ಪ್ರತಿ ಟಕ್ಕಿಗೂ ನನ್ನ ಮೊಣಕೈಗೆ ಬೆರಳಿನಿಂದ ತಟ್ಟುತ್ತಿದ್ದರು. ಒಂದನ್ನೂ ತಪ್ಪಿಸಲಿಲ್ಲ.

ನಾಳೆ ತಿದ್ದುಕಟ್ಟೆಯವರು, ಹಳೆಯ ಸದ್ದುಗಳನ್ನು ಸರಿಪಡಿಸುವ ಸರ್ಕಾರಿ ಜನ, ಬರುತ್ತಾರೆ. ಹದಿನಾಲ್ಕು ಕಡೆಯೂ ಸ್ವರ ತುಂಬಿ, ಮೂಲವನ್ನು ಕರಗಿಸುತ್ತಾರಂತೆ. ಅದು ಗೊತ್ತಿದ್ದೇ ಬಿಟ್ಟದ್ದು, ನಮ್ಮ ಮನೆಯಲ್ಲಿ ತಲೆತಲಾಂತರದಿಂದ ಹೇಳುತ್ತಾ ಬಂದಿದ್ದಾರೆ ಅಂದೆ. "ಬರಹದಲ್ಲಿದ್ಯಾ ಅಜ್ಜಿ? ಬಾಯಿಮಾತು ನಡೆಯಲ್ಲ" ಅಂದ ಅವರ ಅಧಿಕಾರಿ. ಆಲ್ಬಮ್ಮಿನ ಹೊದಿಕೆಯ ಮೇಲೆ ನಿಮ್ಮ ಹೆಸರಿದೆ, ಚಹಾ ತಂದುಕೊಟ್ಟವಳಿಗೂ ಧನ್ಯವಾದವಿದೆ. ಕೀ ವಿಷಯ ಒಂದಕ್ಷರ ಇಲ್ಲ.

ನಿಮ್ಮ ಕಾಲದಲ್ಲಿ ಆ ಹೊದಿಕೆ ಇನ್ನೂ ಅಚ್ಚಿಗೆ ಹೋಗಿಲ್ಲ. ಧನ್ಯವಾದದ ಕೆಳಗೆ ಒಂದು ಸಾಲಿಗೆ ಜಾಗವಿದೆ, ಬೆರಳಿಟ್ಟು ಅಳೆದಿದ್ದೇನೆ. ಟಕ್ ನಮ್ಮದೇ, ಯಾರೂ ತುಂಬಬೇಡಿ ಎಂದು ಬರೆಯಿರಿ. ಜಗಳವಾಡಲು ನನಗಿನ್ನು ತ್ರಾಣವಿಲ್ಲ. ಬೆಳಿಗ್ಗೆ ಅವರಿಗೆ ಬಾಗಿಲು ತೆಗೆಯುವ ಮುಂಚೆ ಕನ್ನಡಕ ಹಾಕಿಕೊಂಡು ಹೊದಿಕೆಯನ್ನು ತಿರುಗಿಸಿ ನೋಡುತ್ತೇನೆ.

ನಿಮ್ಮ ಮನೆಯವಳೇ,
ಚೆಂಗಮ್ಮ