ಎಪ್ಪತ್ತೊಂದನೇ ಪುಟದ ಜಡೆ

ಪುಸ್ತಕ ಆಯ್ಕೆ ಸಮಿತಿಯ ಮಾನ್ಯ ಅಧ್ಯಕ್ಷರೇ,

‘ಗಾಣದ ಹುಡುಗಿ’ ಎಂಬ ನನ್ನ ಕಾದಂಬರಿ ಹಳ್ಳಿಯ ಗ್ರಂಥಾಲಯಗಳಿಗೆ ಬೇಡವೆಂದು ಹಿಂದಕ್ಕೆ ಕಳಿಸಿದ್ದೀರಿ. ಅದರೊಳಗಿನ ದೆವ್ವ ಮಕ್ಕಳನ್ನು ಹೆದರಿಸುತ್ತದಂತೆ. ಎಪ್ಪತ್ತೊಂದನೇ ಪುಟದಲ್ಲಿ ಹದಿನೇಳರ ಹುಡುಗ ತಾನು ಮೆಚ್ಚಿದ ಹುಡುಗಿಯ ಜಡೆ ಮುಟ್ಟುವುದು ಅಸಭ್ಯವಂತೆ. ಆ ಪುಟ ಕಿತ್ತರೆ ಮತ್ತೆ ಪರಿಶೀಲಿಸುವಿರಂತೆ. ನಿಮ್ಮ ಉದಾರತೆ ದೊಡ್ಡದು. ಪುಟ ಕೀಳುವುದಿಲ್ಲ.

ಮಂಡ್ಯದ ನಿಮ್ಮ ಕಚೇರಿಗೆ ಬಂದಿದ್ದೆ. ಎಷ್ಟು ಓದಿದ್ದೀಯಪ್ಪಾ ಎಂದಿರಿ. ಐದನೇ ಕ್ಲಾಸು ಎಂದೆ. ಮುಂದೆ ನೀವೇನೂ ಕೇಳಲಿಲ್ಲ, ನನಗೂ ಮಾತು ಹೊರಡಲಿಲ್ಲ. ಎದುರಿಗೆ ಜನವಿದ್ದರೆ ನನ್ನ ನಾಲಿಗೆ ಏಳುವುದಿಲ್ಲ. ಅದಕ್ಕೇ ಬರೆಯುತ್ತೇನೆ. ಅಂದು ಹೇಳಲಾಗದ್ದನ್ನು ಈಗ ಊರೆಲ್ಲ ಓದಲಿ.

ಕೆರಗೋಡಿನ ಬಳಿಯ ನಮ್ಮೂರ ಆಲೆಮನೆಯಲ್ಲಿ ನಾನು ಬೆಲ್ಲದ ಕೊಪ್ಪರಿಗೆಗೆ ಉರಿ ಹಾಕುವವನು. ವರ್ಷದ ಮೊದಲ ಕಬ್ಬು ಅರೆಯುವ ದಿನ ಗಾಣಕ್ಕೆ ಪೂಜೆ. ರೋಲರಿಗೆ ಅರಿಶಿನ ಕುಂಕುಮ ಹಚ್ಚಲು ಅದರ ತಗಡಿನ ಮುಚ್ಚಳ ಬಿಚ್ಚುತ್ತೇವೆ. ಮದುವೆಯಾಗದ ಹೆಣ್ಣುಮಗಳೊಬ್ಬಳು ಮಿಂದು, ಇಳಿಬಿಟ್ಟ ಜಡೆಗೆ ಹೂ ಮುಡಿದು, ಗಾಣಕ್ಕೆ ಮೊದಲ ಕಬ್ಬಿನ ಜಲ್ಲೆ ಕೊಡಬೇಕು. ಕುಂಕುಮದ ಮೇಲೆ ತಗಡು ಮುಚ್ಚಬಾರದೆಂದು ಅವತ್ತಿಡೀ ಮುಚ್ಚಳ ಗೋಡೆಗೆ ಒರಗಿರುತ್ತದೆ, ಗಾಣ ತಿರುಗುತ್ತಿರುತ್ತದೆ.

ಮೂರು ವರ್ಷದ ಹಿಂದೆ ಆ ಜಲ್ಲೆ ಕೊಟ್ಟವಳು ಶೋಭಿತಾ. ಅವಳಿಗೂ ನನಗೂ ಹದಿನೇಳು. ನಾನು ದೂರದಿಂದ ನೋಡುವುದು ಅವಳಿಗೆ ಗೊತ್ತಿತ್ತು. ಅಂದು ಹತ್ತಿರ ಬಂದು, “ಏನ್ಲಾ ಯತೀಸ, ಬಾಯ್ಗೆ ಬೆಲ್ಲ ಅಂಟ್ಕಂಡದಾ?” ಎಂದು ಕೆಣಕಿ ಹೋದಳು. ಜಲ್ಲೆ ಕೊಡಲು ಅವಳು ಗಾಣಕ್ಕೆ ಬಗ್ಗಿದಾಗ ಜಡೆ ಮುಂದಕ್ಕೆ ಜಾರಿದ್ದನ್ನು ಕಂಡೆ. ಸುತ್ತಿ ಕಟ್ಟಿಕೊ ಎನ್ನಬೇಕಿತ್ತು. ಆದರೆ ಹಿರಿಯರೆಲ್ಲ ನಿಂತಿದ್ದರು. ಅವರೆದುರು ಹುಡುಗಿಯ ಜಡೆಯ ಮಾತು ಆಡುವುದು ಹೇಗೆ? ನಾಚಿ ಒಲೆಯ ಕಡೆ ತಿರುಗಿದೆ. ಜಡೆ ರೋಲರಿಗೆ ಸಿಕ್ಕಿತು. ಮೋಟಾರು ನಿಲ್ಲಿಸುವಷ್ಟರಲ್ಲಿ ಶೋಭಿತಾ ಇರಲಿಲ್ಲ.

ನನ್ನ ಕಾದಂಬರಿಯ ದೆವ್ವ ಪ್ರತಿ ಪೂಜೆಯ ದಿನ ಮುಚ್ಚಳವಿಲ್ಲದ ಗಾಣದ ಹಿಂದೆ ನಿಂತು ಇಳಿಬಿದ್ದ ಜಡೆಗೆ ಕೈಚಾಚುತ್ತದೆ. ಎಪ್ಪತ್ತೊಂದನೇ ಪುಟದ ಹುಡುಗ ನಾಚುವುದಿಲ್ಲ. ಎಲ್ಲರೆದುರು ಅವಳ ಜಡೆ ಸುತ್ತಿ ತನ್ನ ಟವೆಲಿನಿಂದ ಬಿಗಿಯುತ್ತಾನೆ. ಅವಳು ಬದುಕುತ್ತಾಳೆ. ಯಾವುದು ಅಸಭ್ಯ ಸ್ವಾಮಿ, ಅವನ ಕೈಯೋ, ಗೋಡೆಗೆ ಒರಗಿದ ಆ ತಗಡೋ?

ಮಕ್ಕಳು ಹೆದರುತ್ತಾರೆ ಎಂದಿರಲ್ಲ, ಹೆದರಲಿ ಎಂದೇ ಬರೆದದ್ದು. ಈ ಸಲ ಮೊದಲ ಜಲ್ಲೆ ಕೊಡಬೇಕಾದ ಹುಡುಗಿ ಅರ್ಪಿತಾ ಈ ಪುಸ್ತಕ ಓದಿ, ಮುಚ್ಚಳ ಹಾಕದೆ ಗಾಣದ ಹತ್ತಿರ ಬರುವುದಿಲ್ಲವೆಂದು ಮನೆಯಲ್ಲಿ ಹಟ ಹಿಡಿದಿದ್ದಾಳೆ. ಶೋಭಿತಾಳ ಅಜ್ಜಿ ಚಿಕ್ಕಬೋರಮ್ಮನಿಗೆ ನಾನೇ ಓದಿ ಹೇಳಿದೆ. ದೆವ್ವ ಬರುವಲ್ಲಿ ಪುಸ್ತಕ ಮಡಚಿದೆ.

“ಓದು ಮಗ. ದೆವ್ವಾಗಾದ್ರೂ ಬರ್ಲಿ ಬುಡು, ಒಂದ್ಸಲ ಮೊಕ ನೋಡ್ಕತೀನಿ” ಎಂದಿತು ಅಜ್ಜಿ.

ಮುಂದಿನ ತಿಂಗಳು ಗಾಣಗಳು ಶುರು. ಅದಕ್ಕೆ ಮೊದಲು, ಒಂದು ಪುಟವೂ ಕೀಳದೆ, ಆಲೆಮನೆಯಿರುವ ಪ್ರತಿ ಊರಿನ ಗ್ರಂಥಾಲಯಕ್ಕೂ ಈ ಪುಸ್ತಕ ಹೋಗಬೇಕು. ಆಗದಿದ್ದರೆ ಪೂಜೆಯ ದಿನ ನೀವೇ ಬನ್ನಿ. ಗಾಣದ ಪಕ್ಕ ನಿಂತು, ಬಗ್ಗಿದ ಹುಡುಗಿಗೆ ಸಭ್ಯವಾದ ಮಾತಿನಲ್ಲಿ ಎಚ್ಚರಿಕೆ ಹೇಳಿ. ನಾನು ಒಂದು ಸಲ ಸಭ್ಯನಾಗಿದ್ದೆ.

ಇಂತಿ,
ಬಾಯಿಗೆ ಬೆಲ್ಲ ಅಂಟಿಸಿಕೊಂಡು ನಿಂತಿದ್ದ
ಯತೀಶ್, ಐದನೇ ಕ್ಲಾಸು